ಹಿಂಬದಿ ಮೆಟ್ಟಿಲ ಮಾತು

ಕೆಂಪು ಬಕೆಟ್ಟುಗಳ ಸಾಲು ನೆನಪಿದೆಯಾ ನಿಮಗೆ? ಟಾಕೀಸಿನ ಗೋಡೆ ಪಕ್ಕ, ಪೆಟ್ರೋಲ್ ಬಂಕಿನಲ್ಲಿ, ಹಳೇ ಆಫೀಸುಗಳ ಓಣಿಯಲ್ಲಿ ಕಬ್ಬಿಣದ ಸ್ಟ್ಯಾಂಡಿಗೆ ನೇತುಹಾಕಿರುತ್ತಿದ್ದರಲ್ಲ, ಒಳಗೆ ಮರಳು ತುಂಬಿ? ಅದರ ತಳ ಎಂದಾದರೂ ನೋಡಿದ್ದೀರಾ? ದುಂಡಗೆ! ನೆಲದ ಮೇಲಿಟ್ಟರೆ ನಿಲ್ಲೋದೇ ಇಲ್ಲ, ಉರುಳಿ ಮಗ್ಗುಲಾಗುತ್ತೆ. ತಳ ಚಪ್ಪಟೆಯಾಗಿದ್ದರೆ ಮಾರನೇ ದಿನವೇ ಯಾರೋ ನೆಲ ಒರೆಸೋಕೆ ಒಯ್ಯುತ್ತಾರೆ, ಇನ್ಯಾರೋ ಗಾರೆ ಕೆಲಸಕ್ಕೆ ಒಯ್ಯುತ್ತಾರೆ, ಬೆಂಕಿಯ ಹೊತ್ತಿಗೆ ಸ್ಟ್ಯಾಂಡು ಖಾಲಿ. ಅದಕ್ಕೇ ಹಾಗೆ ಮಾಡಿದ್ದು ಅಂತ ಹೇಳ್ತಾರೆ. ತಳದಲ್ಲೂ ಒಂದು ಹಿಡಿ ಇರುತ್ತೆ, ಒಂದು ಕೈ ಮೇಲೆ ಒಂದು ಕೈ ಕೆಳಗೆ ಹಿಡಿದು ಮರಳು ಎರಚೋಕೆ. ಮನುಷ್ಯರ ಸ್ವಭಾವ ಚೆನ್ನಾಗಿ ಬಲ್ಲವರು ಮಾಡಿದ ಬಕೆಟ್ಟು ಅದು, ಅಲ್ವಾ?

ಮೆಟ್ಟಿಲಿಗೆ ಆ ಭಾಗ್ಯ ಇಲ್ಲ ನೋಡಿ. ಮೆಟ್ಟಿಲನ್ನ ದುಂಡಗೆ ಮಾಡೋಕಾಗುತ್ತಾ? ಚಪ್ಪಟೆ ಜಾಗ ಅಂದಮೇಲೆ ಏನಾದರೂ ಬಂದು ಕೂತೇ ಕೂರುತ್ತೆ. ನಾನು ಹೇಳ್ತಿರೋದು ಆಫೀಸು ಕಟ್ಟಡಗಳ ಮುಂಬದಿಯ ಮೆಟ್ಟಿಲಲ್ಲ. ಅದಕ್ಕೆ ಗ್ರಾನೈಟು, ಪಕ್ಕದಲ್ಲಿ ಹೂಕುಂಡ, ಎಲ್ಲ ಇರುತ್ತೆ. ಹಿಂಬದಿಯದು, ಬಾಗಿಲ ಮೇಲೆ ಹಸಿರು ಬೋರ್ಡಿನಲ್ಲಿ ಓಡೋ ಮನುಷ್ಯ ಇರ್ತಾನಲ್ಲ, ಅದು.

ನಾನು ಕೆಲಸಕ್ಕಿದ್ದ ಕಟ್ಟಡದಲ್ಲಿ ಅಂತಸ್ತಿಗೊಂದು ಲೋಕ. ಕೆಳಗೆ ದರ್ಶಿನಿ ಹೋಟೆಲು, ಅದರ ಮೇಲೆ ಚೀಟಿ ಕಂಪನಿ, ಆಮೇಲೆ ಆಡಿಟರ್ ಆಫೀಸು, ಕಂಪ್ಯೂಟರ್ ಕ್ಲಾಸು, ನಂತರ ನಾವು, ನಮ್ಮ ತಲೆ ಮೇಲೆ ಜಾಹೀರಾತಿನವರು. ಬೆಳಿಗ್ಗೆ ಹತ್ತರ ಹೊತ್ತಿಗೆ ಇಷ್ಟೂ ಲೋಕ ಒಂದೇ ಲಿಫ್ಟಿನಲ್ಲಿ ಭುಜಕ್ಕೆ ಭುಜ ತಾಗಿಸಿಕೊಂಡು ಮೇಲೆ ಹೋಗ್ತಿತ್ತು, ಒಬ್ಬರ ಹೆಸರು ಇನ್ನೊಬ್ಬರಿಗೆ ಗೊತ್ತಿಲ್ಲ. ಹನ್ನೊಂದು ಗಂಟೆಗೆ ಸರಿಯಾಗಿ ಹೋಟೆಲಿನ ಸಾಂಬಾರಿನ ಒಗ್ಗರಣೆ ಘಮ ನಮ್ಮ ಅಂತಸ್ತಿಗೆ ಬರೋದು. ಕಿಟಕಿ ಮುಚ್ಚಿದ್ದರೂ ಬರೋದು. ಎಲ್ಲಿಂದ ಅಂತ ಹುಡುಕಿದರೆ, ಕರೆಂಟಿನ ಕೇಬಲ್ಲು ಮೇಲಿಂದ ಕೆಳಗೆ ಇಳಿಸೋ ಶಾಫ್ಟ್ ಇದೆಯಲ್ಲ, ಅದರ ತಗಡಿನ ಬಾಗಿಲ ಸಂದಿಯಿಂದ. ಹಸಿದವರಿಗೆ ಅದು ಗಡಿಯಾರ. ‘ಸಾಂಬಾರು ಬಂತು, ಇನ್ನೆರಡು ಗಂಟೆ’ ಅಂತ ನಮ್ಮ ಅಕೌಂಟ್ಸಿನವರು ಹೇಳೋರು. ಆ ಘಮದ ವಿಷಯ ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತೆ.

ಇನ್ನು ಹಿಂಬದಿ ಮೆಟ್ಟಿಲು. ಚೀಟಿ ಕಂಪನಿಯ ಹಳೇ ಲೆಜ್ಜರು, ಆಡಿಟರ್ ಆಫೀಸಿನ ದಾರ ಕಟ್ಟಿದ ಫೈಲುಗಳ ಗಂಟು, ಚಕ್ರ ಮುರಿದ ಕುರ್ಚಿ, ಜಾಹೀರಾತಿನವರ ಸುರುಳಿ ಸುತ್ತಿದ ಫ್ಲೆಕ್ಸು, ವರ್ಷ ಕಳೆದ ಕ್ಯಾಲೆಂಡರಿನ ಕಟ್ಟು. ಆಯುಧಪೂಜೆ ಮುಗಿದರೆ ಬಾಳೆಕಂದುಗಳೂ ಅಲ್ಲೇ ಒರಗಿ ಒಣಗೋವು. ಇವನ್ನ ಇಟ್ಟವರು ಯಾರೂ ಕೆಟ್ಟವರಲ್ಲ. ‘ಸದ್ಯಕ್ಕೆ ಇಲ್ಲಿರಲಿ’ ಅಂತ ಇಟ್ಟದ್ದು. ಸದ್ಯ ಅನ್ನೋದು ನಮ್ಮಲ್ಲಿ ಬಹಳ ಉದ್ದ! ತೆಗೆಯಿರಿ ಅಂತ ಹೇಳಬೇಕಾದವರು ಯಾರು? ಬಾಡಿಗೆದಾರರು ಮಾಲೀಕರ ಕಡೆ ತೋರಿಸ್ತಾರೆ, ಮಾಲೀಕರು ಮೇಂಟೆನೆನ್ಸಿನವರ ಕಡೆ, ಮೇಂಟೆನೆನ್ಸಿನವರು ‘ಸಾಮಾನು ನಮ್ಮದಲ್ಲ ಸಾರ್, ಮುಟ್ಟೋ ಹಾಗಿಲ್ಲ’ ಅಂತಾರೆ. ಬಾಡಿಗೆ ಕರಾರಿನಲ್ಲಿ ಕಾರು ನಿಲ್ಲಿಸೋ ಜಾಗಕ್ಕೆ ಅಳತೆ ಬರೆದಿರುತ್ತೆ, ಬೋರ್ಡು ಹಾಕೋ ಜಾಗಕ್ಕೆ ಬರೆದಿರುತ್ತೆ. ಮೆಟ್ಟಿಲು ಮಾತ್ರ ‘ಎಲ್ಲರಿಗೂ ಸೇರಿದ್ದು’ ಅನ್ನೋ ಒಂದು ಸಾಲಿನಲ್ಲಿ ಮುಗಿದುಹೋಗಿರುತ್ತೆ. ಎಲ್ಲರಿಗೂ ಸೇರಿದ್ದನ್ನ ಗುಡಿಸೋರು ಯಾರು, ಹೇಳಿ?

ಹಾಗಂತ ಆ ಮೆಟ್ಟಿಲಿಗೆ ಜನವೇ ಬರ್ತಿರಲಿಲ್ಲ ಅಂತಲ್ಲ. ಮದುವೆ ಗೊತ್ತಾದವರು, ಬೇರೆ ಕೆಲಸಕ್ಕೆ ಫೋನಿನಲ್ಲಿ ಇಂಟರ್‌ವ್ಯೂ ಕೊಡೋರು, ಊರಿಗೆ ಕರೆ ಮಾಡಿ ಅಮ್ಮನ ಹತ್ತಿರ ಕಣ್ಣೀರು ಹಾಕೋರು, ಎಲ್ಲರೂ ಅಲ್ಲಿಗೇ ಬರೋರು. ಎಷ್ಟು ನಿಶ್ಚಿತಾರ್ಥಗಳು ಆ ಫೈಲಿನ ಗಂಟಿನ ಮೇಲೆ ಕೂತು ಮಾತಾಡಿ ಕುದುರಿವೆಯೋ! ನನಗೇನೋ ಅವರನ್ನ ಕಂಡರೆ ನೆಮ್ಮದಿ. ಆ ದಾರಿ ಎಲ್ಲಿ ತೆರೆದುಕೊಳ್ಳುತ್ತೆ, ಎಲ್ಲಿ ಬಲ್ಬು ಇಲ್ಲ, ಯಾವ ಮೆಟ್ಟಿಲು ಒಡೆದಿದೆ ಅಂತ ಇಡೀ ಕಟ್ಟಡದಲ್ಲಿ ಗೊತ್ತಿದ್ದದ್ದು ಅವರಿಗೆ ಮಾತ್ರ.

ಬೆಂಕಿ ಬಿದ್ದರೆ ಇಳಿಯೋ ದಾರಿ ಅದೇ ತಾನೇ? ಕಾರ್ಲ್‌ಟನ್ ಟವರ್ಸ್ ವಿಷಯ ನಿಮಗೆ ನಾನು ಹೇಳಬೇಕಾಗಿಲ್ಲ. ಬೆಂಗಳೂರಿನ ಹಳೇ ಏರ್‌ಪೋರ್ಟ್ ರಸ್ತೆಯ ಆ ಕಟ್ಟಡಕ್ಕೆ ಬೆಂಕಿ ಬಿದ್ದದ್ದು 2010ರ ಫೆಬ್ರವರಿ 23ಕ್ಕೆ. ಟೀವಿ ಮುಂದೆ ಕೂತು ನಾವೆಲ್ಲ ನೋಡಿದವರೇ. ಗಾಜು ಒಡೆದು ಕಿಟಕಿಯ ಅಂಚಿನಲ್ಲಿ ನಿಂತವರನ್ನ ಮರೆಯೋಕಾಗುತ್ತಾ? 9 ಜನ ಹೋದರು. ಅಲ್ಲಿ ಉರಿಗಿಂತ ಹೆಚ್ಚಾಗಿ ಜನರನ್ನ ಕಾಡಿದ್ದು ಹೊಗೆ. ವೈರು ಹಾದುಹೋಗೋ ಶಾಫ್ಟಿನಲ್ಲಿ ಹತ್ತಿಕೊಂಡಿತು, ಅದರ ಹೊಗೆ ಮೇಲಿನ ಅಂತಸ್ತುಗಳಿಗೆ ತುಂಬಿಕೊಂಡಿತು. ಈಗ ನನ್ನ ಸಾಂಬಾರಿನ ಘಮ ನೆನಪಿಸಿಕೊಳ್ಳಿ. ಒಗ್ಗರಣೆ ಯಾವ ಸಂದಿಯಿಂದ ಬಂತೋ ಹೊಗೆಯೂ ಅದೇ ಸಂದಿಯಿಂದ ಬರುತ್ತೆ. ಕೇಬಲ್ಲು ಒಂದು ಅಂತಸ್ತಿನಿಂದ ಇನ್ನೊಂದಕ್ಕೆ ದಾಟೋ ತೂತನ್ನ ಬೆಂಕಿ ತಡೆಯೋ ಗಾರೆಯಂಥ ಸಾಮಾನಿನಿಂದ ಮುಚ್ಚಬೇಕು ಅಂತ ನಿಯಮವೇ ಇದೆ. ಕಟ್ಟುವಾಗ ಮುಚ್ಚಿರ್ತಾರೆ. ಆಮೇಲೆ ಇಂಟರ್ನೆಟ್ಟಿನವರು ಬಂದು ಒಂದು ತೂತು ಕೊರೀತಾರೆ, ಕ್ಯಾಮೆರಾದವರು ಇನ್ನೊಂದು, ಏಸಿಯವರು ಮತ್ತೊಂದು. ಕೊರೆಯೋರಿಗೆ ಬಿಲ್ಲು ಇದೆ, ಮುಚ್ಚೋರಿಗೆ ಇಲ್ಲ. ನಿಮ್ಮ ಆಫೀಸಿಗೆ ಕೆಳಗಿನ ಹೋಟೆಲಿನ ವಾಸನೆ ಬರುತ್ತಾ ಅಂತ ಒಂದು ಸಲ ಮೂಗು ಅರಳಿಸಿ ನೋಡಿದರೆ ಸಾಕು, ಅರ್ಧ ತಪಾಸಣೆ ಆದ ಹಾಗೆ.

ಅದಾಗಿ ಸರಿಯಾಗಿ ಒಂದು ತಿಂಗಳಿಗೆ, ಮಾರ್ಚ್ 23ಕ್ಕೆ, ಕೋಲ್ಕತ್ತಾದ ಪಾರ್ಕ್ ಸ್ಟ್ರೀಟಿನ ಸ್ಟೀಫನ್ ಕೋರ್ಟ್. ಅದೂ ಹತ್ತಾರು ಆಫೀಸುಗಳು, ಮನೆಗಳು ಕೂಡಿಕೊಂಡ ಹಳೇ ಕಟ್ಟಡ. ಅಲ್ಲಿನ ಬೆಂಕಿಗೆ 40ಕ್ಕೂ ಹೆಚ್ಚು ಜನ ಹೋದರು. ಹೊಗೆ ತಪ್ಪಿಸಿಕೊಂಡು ಮೇಲೆ ಹತ್ತಿದವರಿಗೆ ತಾರಸಿಯ ಬಾಗಿಲಿಗೆ ಬೀಗ. ಕಾರ್ಲ್‌ಟನ್ನಿನಲ್ಲಿ ಮನೆಯವರನ್ನ ಕಳೆದುಕೊಂಡವರು ಸುಮ್ಮನೆ ಕೂರಲಿಲ್ಲ ನೋಡಿ. ‘ಬಿಯಾಂಡ್ ಕಾರ್ಲ್‌ಟನ್’ ಅಂತ ಸಂಸ್ಥೆ ಕಟ್ಟಿಕೊಂಡು ಬೆಂಕಿಯ ಎಚ್ಚರಿಕೆ ಬಗ್ಗೆ ಊರಿಗೆಲ್ಲ ಹೇಳೋ ಕೆಲಸ ಹಿಡಿದರು. ಅಷ್ಟು ದುಃಖ ಇಟ್ಟುಕೊಂಡು ಬೇರೆಯವರ ಮಕ್ಕಳ ಬಗ್ಗೆ ಯೋಚನೆ ಮಾಡೋದು ಅಂದರೆ ದೊಡ್ಡ ಮನಸ್ಸು ಬೇಕು.

ಬೀಗ ಯಾಕೆ ಹಾಕ್ತಾರೆ ಅಂತ ಕೇಳಿ. ಕಾರಣ ಒಂದೇ, ಕಳ್ಳತನ. ಲ್ಯಾಪ್‌ಟಾಪು ಹೋಗುತ್ತೆ, ತಾರಸಿಯ ನಲ್ಲಿ ಹೋಗುತ್ತೆ, ಗೊತ್ತಿಲ್ಲದವರು ಒಳಗೆ ಬರ್ತಾರೆ. ಆ ಭಯ ಸುಳ್ಳಲ್ಲ. ಕಳ್ಳ ವರ್ಷಕ್ಕೆರಡು ಸಲ ಬರ್ತಾನೆ, ಬೆಂಕಿ ಬರೋದನ್ನ ನಾವು ಕಂಡಿಲ್ಲ, ಹಾಗಾಗಿ ಕಳ್ಳನದೇ ಮಾತು ನಡೆಯುತ್ತೆ. ಆದರೆ ಹೊರಗಿನಿಂದ ಬರಬಾರದು, ಒಳಗಿನಿಂದ ಹೋಗಬಹುದು ಅನ್ನೋ ಬಾಗಿಲು ನೂರು ವರ್ಷದಿಂದಲೂ ಇದೆಯಲ್ಲ! ಸೊಂಟದ ಮಟ್ಟಕ್ಕೆ ಅಡ್ಡಲಾಗಿ ಒಂದು ಸರಳು, ಮೈಯಿಂದ ತಳ್ಳಿದರೆ ಸಾಕು ಬಾಗಿಲು ಹೊರಗೆ ತೆರೆಯುತ್ತೆ. ಮಾಲ್‌ನಲ್ಲಿ ನೋಡಿರ್ತೀರಿ. ಪ್ಯಾನಿಕ್ ಬಾರ್ ಅಂತಾರೆ.

ಅದರ ಕತೆ ಹೇಳಲೇಬೇಕು, ಸ್ವಲ್ಪ ದಾರಿ ಬಿಟ್ಟು ಹೋದರೂ ಚಿಂತೆ ಇಲ್ಲ. ಅಮೆರಿಕದ ಶಿಕಾಗೋದಲ್ಲಿ ಇರೋಕ್ವಾ ಅಂತ ಹೊಸ ನಾಟಕಶಾಲೆ. 1903ರ ಡಿಸೆಂಬರ್ 30, ರಜೆಯ ದಿನ, ಮಕ್ಕಳು ಮರಿ ತುಂಬಿದ್ದರು. ಬೆಂಕಿ ಬಿತ್ತು, ಬಾಗಿಲುಗಳ ಚಿಲಕ ತೆಗೆಯೋದು ಜನಕ್ಕೆ ತಿಳಿಯಲಿಲ್ಲ, ಸುಮಾರು 600 ಜನ ಸತ್ತರು. ಇಂಡಿಯಾನಾಪೊಲಿಸ್ ಊರಿನ ಕಾರ್ಲ್ ಪ್ರಿಂಜ್ಲರ್ ಅನ್ನೋರು ಅವತ್ತು ಆ ನಾಟಕಕ್ಕೆ ಹೋಗಬೇಕಿತ್ತು, ಕೆಲಸ ಬಂದು ತಪ್ಪಿತು. ತಾನು ಉಳಿದೆ ಅಂತ ಸಮಾಧಾನಪಟ್ಟು ಸುಮ್ಮನಾಗೋ ಬದಲು ಆ ಬಾಗಿಲುಗಳ ಯೋಚನೆಯಲ್ಲೇ ಬಿದ್ದರು ಆ ಮನುಷ್ಯ. ಹೆನ್ರಿ ಡುಪಾಂಟ್ ಅನ್ನೋ ಕಟ್ಟಡ ವಿನ್ಯಾಸಕಾರರನ್ನ ಕೂಡಿಕೊಂಡು ತಳ್ಳಿದರೆ ತೆರೆಯೋ ಸರಳು ಮಾಡಿದರು. 1908ರ ಹೊತ್ತಿಗೆ ಅದು ಮಾರಾಟಕ್ಕೆ ಬಂತು. ಪ್ರಿಂಜ್ಲರ್ ಕೆಲಸಕ್ಕಿದ್ದದ್ದು ವಾನಗಟ್ ಮನೆತನದ ಹಾರ್ಡ್‌ವೇರ್ ಅಂಗಡಿಯಲ್ಲಿ. ಕಾದಂಬರಿಕಾರ ಕರ್ಟ್ ವಾನಗಟ್ ಇದ್ದರಲ್ಲ, ಅವರ ಮುತ್ತಾತ ಇಟ್ಟ ಅಂಗಡಿ ಅದು! ಆ ಮನೆತನದ ಹುಡುಗನೇ ಎರಡನೇ ಮಹಾಯುದ್ಧದಲ್ಲಿ ಸೆರೆಯಾಳಾಗಿ, 1945ರಲ್ಲಿ ಡ್ರೆಸ್ಡನ್ ನಗರ ಬಾಂಬಿಗೆ ಹೊತ್ತಿ ಉರಿಯುವಾಗ ಕಸಾಯಿಖಾನೆಯೊಂದರ ನೆಲಮಾಳಿಗೆಯಲ್ಲಿದ್ದು ಬದುಕಿ ಬಂದದ್ದು. ಒಂದು ಮನೆತನಕ್ಕೂ ಬೆಂಕಿಗೂ ಇಷ್ಟು ನಂಟು ಎಲ್ಲಿಂದ ಬರುತ್ತೋ, ವಿಚಿತ್ರ ಅಲ್ವಾ?

ಹ್ಞಾಂ, ಬಾಗಿಲ ಮಾತಿಗೆ ಬಂದೆ. ಬೀಗ ಹಾಕಿದ ಬಾಗಿಲು ಒಂದು ತೊಂದರೆ ಅಂದರೆ, ಮುಚ್ಚದೇ ಇರೋ ಬಾಗಿಲು ಇನ್ನೊಂದು ತೊಂದರೆ. ಹಿಂಬದಿ ಮೆಟ್ಟಿಲಿನ ಬಾಗಿಲು ದಪ್ಪಗೆ ಭಾರವಾಗಿ ತಾನಾಗೇ ಮುಚ್ಚಿಕೊಳ್ಳೋ ಹಾಗೆ ಇರುತ್ತೆ, ಗೊತ್ತಲ್ಲ? ಹೊಗೆ ಮೆಟ್ಟಿಲಿಗೆ ನುಗ್ಗಬಾರದು ಅಂತ. ಎತ್ತರದ ಕಟ್ಟಡಗಳಲ್ಲಿ ಮೆಟ್ಟಿಲಿನೊಳಕ್ಕೆ ಫ್ಯಾನಿನಿಂದ ಗಾಳಿ ಒತ್ತುತ್ತಾರೆ, ಬಾಗಿಲು ತೆರೆದರೂ ಗಾಳಿ ಹೊರಗೆ ತಳ್ಳಬೇಕೇ ಹೊರತು ಹೊಗೆ ಒಳಗೆ ಬರಬಾರದು. ಎಲ್ಲ ಅಂತಸ್ತಿನಲ್ಲೂ ಬಾಗಿಲು ತೆರೆದೇ ಇಟ್ಟರೆ ಆ ಒತ್ತಡ ಎಲ್ಲಿ ನಿಲ್ಲುತ್ತೆ? ಈ ಬಾಗಿಲು ಮುಚ್ಚದಿರಲಿ ಅಂತ ಅಡ್ಡಕ್ಕೆ ಏನಿಡ್ತಾರೆ ಗೊತ್ತಾ? ಬೆಂಕಿ ಆರಿಸೋ ಕೆಂಪು ಸಿಲಿಂಡರನ್ನೇ! ಒಂದು ಕಟ್ಟಡದಲ್ಲಲ್ಲ, ಎಷ್ಟೋ ಕಟ್ಟಡಗಳಲ್ಲಿ ನೋಡಿದ್ದೀನಿ. ಭಾರ ಇರುತ್ತೆ, ಕೈಗೆ ಸಿಗುತ್ತೆ, ಬಾಗಿಲಿನ ಪಕ್ಕದಲ್ಲೇ ನೇತಾಡ್ತಿರುತ್ತೆ.

ಯಾರು ಇಟ್ಟದ್ದು ಅಂತ ವಿಚಾರಿಸಿದರೆ ಟೀ ತರೋ ಹುಡುಗ. ಎರಡೂ ಕೈಯಲ್ಲಿ ತಟ್ಟೆ, ಫ್ಲಾಸ್ಕು, ಲಿಫ್ಟಿನಲ್ಲಿ ಅವನನ್ನ ಹತ್ತಿಸಲ್ಲ, ಭಾರದ ಬಾಗಿಲು ಭುಜದಿಂದ ತಳ್ಳಿ ತಳ್ಳಿ ಸಾಕಾಗಿ ಸಿಲಿಂಡರು ಅಡ್ಡ ಇಟ್ಟಿದ್ದಾನೆ. ಅವನನ್ನ ಬೈದು ಏನು ಬಂತು? ಒಂದೋ ಅವನಿಗೂ ಲಿಫ್ಟು ಬಿಡಬೇಕು, ಇಲ್ಲವೇ ಬಾಗಿಲಿಗೆ ಅಯಸ್ಕಾಂತದ ಹಿಡಿಕೆ ಹಾಕಿಸಬೇಕು. ಆ ಹಿಡಿಕೆ ದಿನವಿಡೀ ಬಾಗಿಲನ್ನ ತೆರೆದು ಹಿಡಿದಿರುತ್ತೆ, ಅಲಾರಂ ಹೊಡೆದ ತಕ್ಷಣ ಕೈಬಿಡುತ್ತೆ, ಬಾಗಿಲು ತಾನಾಗೇ ಮುಚ್ಚಿಕೊಳ್ಳುತ್ತೆ. ಕಾರ್ಡು ಉಜ್ಜಿ ತೆರೆಯೋ ಬಾಗಿಲುಗಳೂ ಹಾಗೇ ಇರಬೇಕು, ಅಲಾರಂ ಆದರೆ ಅಥವಾ ಕರೆಂಟು ಹೋದರೆ ಬೀಗ ಬಿಟ್ಟುಕೊಳ್ಳಬೇಕು. ಹೀಗೆ ಜೋಡಿಸಿದ್ದಾರಾ ಅಂತ ಪರೀಕ್ಷೆ ಮಾಡೋಕೆ ಐದು ನಿಮಿಷ ಸಾಕು.

ಮೇಲೆ ನೋಡಿದರೆ ಚಾವಣಿಯಲ್ಲಿ ಸ್ಪ್ರಿಂಕ್ಲರ್ ಇರುತ್ತಲ್ಲ, ಅದು ನನಗೆ ಬಹಳ ಇಷ್ಟದ ವಸ್ತು. ಕಿರುಬೆರಳಿಗಿಂತ ಚಿಕ್ಕ ಗಾಜಿನ ಕೊಳವೆ, ಒಳಗೆ ಬಣ್ಣದ ದ್ರವ. ಕೆಂಪು ಇದ್ದರೆ 68 ಡಿಗ್ರಿಗೆ ಒಡೆಯುತ್ತೆ, ಹಳದಿ 79ಕ್ಕೆ, ಹಸಿರು 93ಕ್ಕೆ. ಆಫೀಸುಗಳಲ್ಲಿ ಹೆಚ್ಚಾಗಿ ಕೆಂಪೇ. ಸಿನಿಮಾದಲ್ಲಿ ಒಂದು ಬೆಂಕಿಕಡ್ಡಿ ಗೀರಿದರೆ ಇಡೀ ಕಟ್ಟಡಕ್ಕೆ ಮಳೆ ಸುರಿಯುತ್ತಲ್ಲ, ಅದು ಬರೀ ಸಿನಿಮಾ. ನಿಜದಲ್ಲಿ ಯಾವ ಗಾಜಿಗೆ ಶಾಖ ತಟ್ಟಿತೋ ಅದೊಂದೇ ಒಡೆಯೋದು, ನೀರು ಅಲ್ಲಷ್ಟೇ ಬೀಳೋದು. ಎಂಥ ಜಾಣ ಗಾಜು! ಅದನ್ನ ನಾವು ಏನು ಮಾಡ್ತೀವಿ? ಒಳಾಂಗಣ ಮಾಡೋರು ಚಾವಣಿಗೆ ಹೊಂದಲಿ ಅಂತ ಬಿಳಿ ಬಣ್ಣ ಬಳೀತಾರೆ, ಬಣ್ಣ ಬಿದ್ದ ಮೇಲೆ ಅದನ್ನ ನಂಬೋ ಹಾಗಿಲ್ಲ. ಇನ್ನು ಕೆಲವರು ಅದರ ಕೆಳಗೆ ಇನ್ನೊಂದು ಸುಳ್ಳು ಚಾವಣಿ ಹೊಡೆಸಿ ಅದನ್ನ ಮುಚ್ಚೇಬಿಡ್ತಾರೆ. ನವೆಂಬರ್ ಬಂದರೆ ಕೆಂಪು ಹಳದಿ ಬಾವುಟದ ದಾರ ಆ ಪೈಪಿಗೇ ಬಿಗಿದಿರ್ತಾರೆ. ರಾಜ್ಯೋತ್ಸವ ಜೋರಾಗಿ ಆಗಲಿ, ಬೇಡ ಅನ್ನೋರು ಯಾರು? ದಾರ ಕಟ್ಟೋಕೆ ಗೋಡೆಗೆ ನಾಲ್ಕು ಮೊಳೆ ಹೊಡೆದರೆ ಆಯ್ತು.

ಹಬ್ಬದ ಮಾತು ಬಂತಲ್ಲ, ಪೂಜೆಯದನ್ನೂ ಹೇಳಿಬಿಡ್ತೀನಿ. ಆಯುಧಪೂಜೆ, ದೀಪಾವಳಿಯ ಲಕ್ಷ್ಮೀಪೂಜೆ ದಿನ ಆಫೀಸಿನಲ್ಲಿ ದೀಪ ಹಚ್ಚಿ, ಕಡಲೆಪುರಿ ಹಂಚಿ, ಎಲ್ಲರೂ ಮನೆಗೆ ಹೊರಡ್ತಾರೆ. ದೀಪ ಆರಿಸಬಾರದು ಅನ್ನೋ ಭಾವ ಇರುತ್ತೆ, ಅದು ಉರೀತಾ ಇರುತ್ತೆ, ಪಕ್ಕದಲ್ಲಿ ಹೂವಿನ ಹಾರ ತೂಗ್ತಿರೋ ಕಂಪ್ಯೂಟರು, ಕಾಗದ. ನಮ್ಮ ಆಫೀಸಿನಲ್ಲಿ ಹಿರಿಯ ಹೆಂಗಸೊಬ್ಬರಿದ್ದರು. ದೀಪ ಆರಿಸು ಅಂತ ಅವರು ಯಾವತ್ತೂ ಅನ್ನಲಿಲ್ಲ. ಪೂಜೆಯ ದಿನ ಎಣ್ಣೆಯೇ ಸ್ವಲ್ಪ ಹಾಕೋರು, ಅದು ಮುಗಿಯೋ ತನಕ ಪಕ್ಕದಲ್ಲಿ ಕುರ್ಚಿ ಹಾಕ್ಕೊಂಡು ಹೂ ಕಟ್ತಾ ಕೂತಿರೋರು. ದೇವರಿಗೂ ಮರ್ಯಾದೆ, ಕಟ್ಟಡಕ್ಕೂ ಕ್ಷೇಮ. ಇದಕ್ಕಿಂತ ಒಳ್ಳೇ ಫೈರ್ ವಾರ್ಡನ್ ಎಲ್ಲಿ ಸಿಗ್ತಾರೆ?

ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಅಂತೀವಲ್ಲ, ದೊಡ್ಡ ಕಟ್ಟಡಗಳಿಗೆ ಆ ಬಾವಿ ಮೊದಲೇ ತೋಡಿಟ್ಟಿರ್ತಾರೆ. ನೆಲದಡಿಯ ತೊಟ್ಟಿ. ಅದರಲ್ಲೊಂದು ಸೊಗಸಾದ ಏರ್ಪಾಡಿದೆ. ಟ್ಯಾಂಕರಿನ ನೀರಾಗಲಿ ನಲ್ಲಿಯ ನೀರಾಗಲಿ ಮೊದಲು ಬೆಂಕಿಯ ತೊಟ್ಟಿಗೆ ಬೀಳಬೇಕು, ಅದು ತುಂಬಿ ಉಕ್ಕಿದ್ದು ಮಾತ್ರ ಬಳಕೆಯ ತೊಟ್ಟಿಗೆ ಹರೀಬೇಕು. ಹಾಗೆ ಮಾಡಿದರೆ ಬೆಂಕಿಯ ತೊಟ್ಟಿ ಯಾವಾಗಲೂ ತುಂಬಿರುತ್ತೆ, ನೀರೂ ಹೊಸದಾಗಿರುತ್ತೆ. 2024ರ ಬೇಸಿಗೆ ನೆನಪಿದೆಯಲ್ಲ, ಬೆಂಗಳೂರಿನಲ್ಲಿ ಟ್ಯಾಂಕರಿಗೆ ಕಾದು ಕಾದು ಜನ ಸೋತಿದ್ದರು. ಅಂಥ ದಿನದಲ್ಲಿ ತುಂಬಿದ ತೊಟ್ಟಿ ಕಂಡರೆ ಯಾರಿಗೆ ಆಸೆ ಆಗಲ್ಲ? ಕಕ್ಕಸಿಗೆ ನೀರಿಲ್ಲ, ಪಕ್ಕದಲ್ಲಿ ಸಾವಿರಾರು ಲೀಟರು ಸುಮ್ಮನೆ ನಿಂತಿದೆ. ನಿಂತಿರೋದೇ ಅದರ ಕೆಲಸ ಅಂತ ಆಗ ಹೇಳೋಕೆ ಒಬ್ಬರು ಗಟ್ಟಿ ಮನುಷ್ಯರು ಬೇಕು.

ಇನ್ನು ಫೈರ್ ಡ್ರಿಲ್. ಪೇಪರಿನವರು ಅಣಕು ಪ್ರದರ್ಶನ ಅಂತ ಬರೀತಾರಲ್ಲ, ಅದು. ನೋಡೋಕೆ ಬಲು ಚೆನ್ನ. ಅಲಾರಂ ಹೊಡೆದಾಗ ಯಾರು ಏನು ಕೈಗೆತ್ತಿಕೊಳ್ತಾರೆ ಅನ್ನೋದನ್ನ ಗಮನಿಸಿ. ಒಬ್ಬರು ಚಾರ್ಜರು, ಒಬ್ಬರು ಅರ್ಧ ಕುಡಿದ ಕಾಫಿ ಲೋಟ, ಒಬ್ಬರು ಮೇಜಿನ ಮೇಲಿನ ಪುಟ್ಟ ಗಣಪತಿ. ಊಟದ ಡಬ್ಬಿ ಮರೆಯೋರು ಮಾತ್ರ ಇಲ್ಲ! ಕೆಳಗೆ ಬಂದರೆ ‘ಅಸೆಂಬ್ಲಿ ಪಾಯಿಂಟ್’ ಅಂತ ಹಸಿರು ಬೋರ್ಡು, ಅದರ ಕೆಳಗೆ ಸಾಲಾಗಿ ನಿಂತ ಕಾರು. ಜನ ನೆರಳು ಹುಡುಕ್ಕೊಂಡು ಎದುರಿನ ಟೀ ಅಂಗಡಿಗೆ ಹೋಗಿ ನಿಂತಿರ್ತಾರೆ. ಲೆಕ್ಕ ಹಾಕೋರು ಪಟ್ಟಿ ಹಿಡ್ಕೊಂಡು ರಸ್ತೆ ಆಚೆ ಈಚೆ ಓಡಾಡಬೇಕು. ನನ್ನ ಕೇಳಿದರೆ ಬೋರ್ಡನ್ನೇ ನೆರಳಿಗೆ ಹಾಕಿಬಿಡಬೇಕು, ಜನ ತಾವಾಗೇ ಅಲ್ಲಿ ಸೇರ್ತಾರೆ. ಒಂದೇ ಎಚ್ಚರಿಕೆ, ಅಗ್ನಿಶಾಮಕ ದಳದ ಗಾಡಿ ಬರೋ ದಾರಿಯಲ್ಲಿ ಮಾತ್ರ ಬೇಡ. ಅದಕ್ಕೆ 6 ಮೀಟರ್ ಅಗಲದ ದಾರಿ ಖಾಲಿ ಇರಬೇಕು. ಬೆಂಗಳೂರಿಗೆ 90 ಮೀಟರ್ ಎತ್ತರಕ್ಕೆ ಹೋಗೋ ಏಣಿಯ ಗಾಡಿ 2023ರಲ್ಲಿ ಬಂದಿದೆ, ಆದರೆ ಅದು ಕಾಲೂರಿ ನಿಲ್ಲೋಕೆ ಜಾಗ ಕೊಡಬೇಕಾದವರು ನಾವೇ ತಾನೇ?

ಡ್ರಿಲ್ಲಿನ ಪಟ್ಟಿ ಅಂದೆನಲ್ಲ, ಅದರ ಬಗ್ಗೆ ನನಗೆ ಒಂದು ಕೊರಗಿದೆ. ಕಂಪನಿಯ ಪಟ್ಟಿಯಲ್ಲಿ ಕಂಪನಿಯವರ ಹೆಸರು ಮಾತ್ರ ಇರುತ್ತೆ. ಕಕ್ಕಸು ತೊಳೆಯೋ ಅಕ್ಕ, ಪ್ಯಾಂಟ್ರಿಯ ಹುಡುಗ, ಕೊರಿಯರ್ ತಂದವನು, ಏಸಿ ರಿಪೇರಿಗೆ ಚಾವಣಿಯೊಳಗೆ ನುಗ್ಗಿದವನು, ಇವರೆಲ್ಲ ಯಾವ ಪಟ್ಟಿಯಲ್ಲೂ ಇಲ್ಲ. ‘ಎಲ್ಲರೂ ಬಂದರಾ?’ ‘ಬಂದರು ಸಾರ್’ ಅಂತ ಹೇಳಿ ಮುಗಿಸ್ತಾರೆ. ಮೈಕಿನಲ್ಲಿ ಕೂಗೋದೂ ಬರೀ ಇಂಗ್ಲಿಷಿನಲ್ಲಿ. ರಾಯಚೂರಿನಿಂದ ಬಂದ ಆ ಅಕ್ಕನಿಗೆ ಕನ್ನಡದಲ್ಲಿ ಹೇಳಬೇಡವಾ? ಗೇಟಿನಲ್ಲಿರೋ ಒಡಿಶಾದ ಹುಡುಗನಿಗೆ ಹಿಂದಿಯಲ್ಲಿ ಹೇಳಬೇಡವಾ? ಗಾಲಿಕುರ್ಚಿಯವರು, ತುಂಬು ಬಸುರಿಯರು, ಮಂಡಿನೋವಿನವರು ಮೆಟ್ಟಿಲಿಳಿಯೋದು ಹೇಗೆ ಅಂತ ಮೊದಲೇ ಮಾತಾಡಿ, ಜೊತೆಗಿರೋ ಇಬ್ಬರನ್ನ ಗೊತ್ತು ಮಾಡಿಡಬೇಕು. 24 ಮೀಟರಿಗಿಂತ ಎತ್ತರದ ಕಟ್ಟಡಗಳಲ್ಲಿ ಅಂಥವರು ಸ್ವಲ್ಪ ಹೊತ್ತು ತಂಗಿರೋಕೆ ಅಂತಲೇ ತೆರೆದ ಜಾಗ ಬಿಟ್ಟಿರ್ತಾರೆ. ಅಲ್ಲಿ ಹೋಗಿ ನೋಡಿದರೆ ಒಮ್ಮೊಮ್ಮೆ ಟೇಬಲ್ ಟೆನಿಸ್ ಮೇಜು ಇರುತ್ತೆ!

ಆ ಹಸಿರು ಬೋರ್ಡಿನ ಓಡೋ ಮನುಷ್ಯನಿಗೆ ಮಾತ್ರ ಯಾವ ಭಾಷೆಯ ಹಂಗೂ ಇಲ್ಲ. ಅವನು ಜಪಾನಿನವನು ಗೊತ್ತಾ? ಅಲ್ಲಿ 1972ರಲ್ಲಿ ಒಸಾಕಾದ ಸೆನ್ನಿಚಿ ಕಟ್ಟಡಕ್ಕೆ ಬೆಂಕಿ ಬಿತ್ತು. ಅಂಗಡಿ ಮಳಿಗೆಗಳೆಲ್ಲ ಮುಚ್ಚಿದ್ದ ರಾತ್ರಿ, ಕೆಳಗೆ ಬೆಂಕಿ, ಏಳನೇ ಅಂತಸ್ತಿನಲ್ಲಿ ಮಾತ್ರ ಕ್ಯಾಬರೆ ನಡೀತಾ ಇತ್ತು. ಸತ್ತವರು 118 ಜನ. ಮುಂದಿನ ವರ್ಷ ಕುಮಾಮೊಟೊದಲ್ಲಿ ಇನ್ನೊಂದು. ಆಮೇಲೆ ಎಲ್ಲರಿಗೂ ಅರ್ಥವಾಗೋ ಗುರುತು ಬೇಕು ಅಂತ ಸ್ಪರ್ಧೆ ನಡೆಸಿದರು, ಯುಕಿಯೊ ಓಟಾ ಅನ್ನೋ ವಿನ್ಯಾಸಕಾರರ ಕೈಯಲ್ಲಿ ಈ ಓಟಗಾರ ರೂಪುಗೊಂಡ. ಈಗ ಲೋಕದ ಬಹಳಷ್ಟು ಕಡೆ ಅವನೇ. ಒಂದು ಕಾಲು ಬಾಗಿಲಾಚೆ ಇಟ್ಟಿರ್ತಾನೆ, ಆದರೆ ಮುಖದಲ್ಲಿ ಗಾಬರಿ ಇಲ್ಲ, ಮುಖವೇ ಇಲ್ಲವಲ್ಲ! ಅವನನ್ನ ನೋಡಿದಾಗಲೆಲ್ಲ ನನಗೆ ಆ ಏಳನೇ ಅಂತಸ್ತು ನೆನಪಾಗುತ್ತೆ. ಕೆಳಗೆ ಬೆಂಕಿ ಬಿದ್ದದ್ದನ್ನ ಮೇಲಿದ್ದವರಿಗೆ ಯಾರೂ ಹೊತ್ತಿಗೆ ಸರಿಯಾಗಿ ಹೇಳಲಿಲ್ಲ.

ಇಡೀ ಮಾತಿನ ಗಂಟು ಇಲ್ಲೇ ಇದೆ ಅಂತೀನಿ. ನಮ್ಮ ರಾಷ್ಟ್ರೀಯ ಕಟ್ಟಡ ಸಂಹಿತೆಯ ಮಾರ್ಗಸೂಚಿ ಏನು ಹೇಳುತ್ತೆ ಅಂದರೆ, ಬೆಂಕಿ ಬಿದ್ದ ಅಂತಸ್ತು, ಅದರ ನೇರ ಮೇಲಿನ ಅಂತಸ್ತು, ಇವೆರಡನ್ನ ಮೊದಲು ಖಾಲಿ ಮಾಡಿಸಬೇಕು. ಎಷ್ಟು ಸರಿಯಾದ ಮಾತು! ಆದರೆ ಬಾಡಿಗೆದಾರರು ಹತ್ತು ಮಂದಿ ಇರೋ ಕಟ್ಟಡದಲ್ಲಿ ನೇರ ಮೇಲಿರೋದು ಬೇರೆ ಕಂಪನಿ, ಬೇರೆ ರಿಸೆಪ್ಷನ್ನು, ಬೇರೆ ಅಲಾರಂ. ಇಲ್ಲಿ ನಾವು ಕಾಂಪೌಂಡಿಗೆ ಒರಗಿಕೊಂಡು ಮಾತಾಡೋ ಅಕ್ಕಪಕ್ಕದ ಮನೆಯವರು, ನಿಮ್ಮನೆ ಹಾಲು ಉಕ್ಕಿದರೂ ನಾನು ಕೂಗಿ ಹೇಳ್ತೀನಿ. ಅಲ್ಲಿ ಅಂತಸ್ತಿನ ನಡುವೆ ಇರೋದು ಅರ್ಧ ಅಡಿ ಕಾಂಕ್ರೀಟು, ಆದರೆ ಮೇಲಿರೋರ ಹೆಸರೇ ಗೊತ್ತಿಲ್ಲ. ಡ್ರಿಲ್ಲು ಮಾಡಿದರೂ ಒಂದು ಕಂಪನಿ ಸೋಮವಾರ, ಇನ್ನೊಂದು ಗುರುವಾರ. ಒಂದು ಇಳೀತಿದ್ದರೆ ಇನ್ನೊಂದು ಕಾಫಿ ಕುಡೀತಾ ಕಿಟಕಿಯಿಂದ ನೋಡುತ್ತೆ. ನಿಜವಾದ ದಿನ ಇಷ್ಟೂ ಜನ ಒಂದೇ ಮೆಟ್ಟಿಲಿಗೆ ಬರ್ತಾರಲ್ಲ, ಅದರ ಅಭ್ಯಾಸ ಎಲ್ಲಿ ಆಯ್ತು? ಹೊಸ ಕಟ್ಟಡಕ್ಕೆ ಮೊದಲ ಎರಡು ವರ್ಷ ಮೂರು ತಿಂಗಳಿಗೊಂದು, ಆಮೇಲೆ ಆರು ತಿಂಗಳಿಗೊಂದು ಡ್ರಿಲ್ಲು ಆಗಬೇಕು ಅಂತಿದೆ. ಅದರಲ್ಲಿ ವರ್ಷಕ್ಕೊಂದಾದರೂ ಇಡೀ ಕಟ್ಟಡದ್ದು ಆಗಲಿ.

ಮಾಲೀಕರು ಹೇಳಲಿ ಅಂತ ಕಾಯದ ಬಾಡಿಗೆದಾರರೊಬ್ಬರ ಕತೆ ಇದೆ. ನ್ಯೂಯಾರ್ಕಿನ ವರ್ಲ್ಡ್ ಟ್ರೇಡ್ ಸೆಂಟರಿನ ದಕ್ಷಿಣದ ಗೋಪುರದಲ್ಲಿ ಮೋರ್ಗನ್ ಸ್ಟಾನ್ಲಿ ಕಂಪನಿಯ ಭದ್ರತೆ ನೋಡಿಕೊಳ್ತಿದ್ದವರು ರಿಕ್ ರೆಸ್ಕೋರ್ಲಾ. ಇಂಗ್ಲೆಂಡಿನ ಕಾರ್ನ್‌ವಾಲ್ ಕಡೆಯವರು. 1993ರಲ್ಲಿ ಅಲ್ಲಿ ಬಾಂಬ್ ಸ್ಫೋಟವಾದಾಗ ಕತ್ತಲೆ, ಹೊಗೆ ತುಂಬಿದ ಮೆಟ್ಟಿಲಿನಲ್ಲಿ ಜನ ಗಂಟೆಗಟ್ಟಲೆ ಪರದಾಡಿದ್ದನ್ನ ಕಂಡಿದ್ದರು. ಅಲ್ಲಿಂದ ಶುರು, ಮೂರು ತಿಂಗಳಿಗೊಮ್ಮೆ ಡ್ರಿಲ್ಲು, ದೊಡ್ಡ ದೊಡ್ಡ ಅಧಿಕಾರಿಗಳೂ ಫೋನು ಕೆಳಗಿಟ್ಟು ಮೆಟ್ಟಿಲಿಳೀಬೇಕು. ಜನ ಗೊಣಗ್ತಿದ್ದರಂತೆ. 2001ರ ಸೆಪ್ಟೆಂಬರ್ 11ರಂದು ಪಕ್ಕದ ಗೋಪುರಕ್ಕೆ ವಿಮಾನ ಬಡಿದಾಗ, ಜಾಗ ಬಿಟ್ಟು ಏಳಬೇಡಿ ಅಂತ ಕಟ್ಟಡದ ಮೈಕಿನಲ್ಲಿ ಬಂತು. ಅವರು ಕೇಳಲಿಲ್ಲ, ಎಲ್ಲರನ್ನೂ ಇಳಿಸೋಕೆ ಶುರು ಮಾಡಿದರು. ಜನ ಕಂಗೆಡದಿರಲಿ ಅಂತ ಮೆಟ್ಟಿಲಿನಲ್ಲಿ ನಿಂತು ತಮ್ಮ ಊರಿನ ಹಾಡು ಹೇಳಿದರಂತೆ. ಆ ಕಂಪನಿಯ ಸುಮಾರು 2,700 ಜನರಲ್ಲಿ ಬಹುತೇಕ ಎಲ್ಲರೂ ಬದುಕಿದರು. ಉಳಿದವರನ್ನ ಕರೆತರೋಕೆ ಮತ್ತೆ ಮೇಲೆ ಹತ್ತಿದ ರೆಸ್ಕೋರ್ಲಾ ಬರಲಿಲ್ಲ. ಗೊಣಗಿದವರು ಮನೆ ಸೇರಿದರಲ್ಲ, ಅದು ಆ ಗೊಣಗಾಟದ ಡ್ರಿಲ್ಲುಗಳ ಫಲ.

ನಮ್ಮಲ್ಲೂ ಶುರು ಮಾಡೋಕೆ ಒಳ್ಳೇ ದಿನ ಇದೆ. ಏಪ್ರಿಲ್ 14, ಅಗ್ನಿಶಾಮಕ ಸೇವಾ ದಿನ, ಅಲ್ಲಿಂದ ಒಂದು ವಾರ. 1944ರ ಆ ದಿನ ಮುಂಬೈ ಬಂದರಿನಲ್ಲಿ ಫೋರ್ಟ್ ಸ್ಟಿಕೀನ್ ಅನ್ನೋ ಹಡಗು ಸಿಡಿದು, ಬೆಂಕಿ ಆರಿಸೋಕೆ ಹೋದ 66 ಅಗ್ನಿಶಾಮಕರು ಪ್ರಾಣ ಕೊಟ್ಟರು. ಆ ಹಡಗಿನಲ್ಲಿ ಏನೇನಿತ್ತು ಅಂತೀರಿ? ಹತ್ತಿಯ ಮೂಟೆ, ಸಿಡಿಮದ್ದು, ಜೊತೆಗೆ ಚಿನ್ನದ ಗಟ್ಟಿ! ಚಿನ್ನ ಹಾರಿ ಊರೊಳಗೆ ಬಿತ್ತಂತೆ. ಹತ್ತಿ ಸಿಡಿಮದ್ದಿನ ಜೊತೆ ಒಂದೇ ಹೊಟ್ಟೆಯಲ್ಲಿ ಕೂತಿತ್ತು ನೋಡಿ. ಪಕ್ಕದಲ್ಲಿ ಯಾರಿದ್ದಾರೆ, ಅವರ ಹತ್ತಿರ ಏನಿದೆ ಅನ್ನೋದು ಎಷ್ಟು ಮುಖ್ಯ, ಅಲ್ವಾ? ಆ ವಾರದಲ್ಲಿ ಅಗ್ನಿಶಾಮಕ ಠಾಣೆಯವರು ಜನರಿಗೆ ತೋರಿಸಿ ಹೇಳೋ ಕಾರ್ಯಕ್ರಮ ಇಟ್ಟುಕೊಂಡಿರ್ತಾರೆ, ಕರೆದರೆ ಬರ್ತಾರೆ. ಪಿನ್ನು ಎಳೆಯೋದು, ಬುಡಕ್ಕೆ ಗುರಿ ಇಡೋದು, ಹಿಡಿ ಒತ್ತೋದು, ಅತ್ತಿಂದಿತ್ತ ಬೀಸೋದು, ಎಲ್ಲ ಕೈಯಾರೆ ಮಾಡಿಸ್ತಾರೆ. ಅವತ್ತು ದರ್ಶಿನಿಯ ಅಡುಗೆ ಭಟ್ಟರಿಂದ ಹಿಡಿದು ಮೇಲಿನ ಅಂತಸ್ತಿನ ಮ್ಯಾನೇಜರ್‌ವರೆಗೂ ಎಲ್ಲರೂ ಬರಬೇಕು, ಹೌಸ್‌ಕೀಪಿಂಗ್ ಅಕ್ಕಂದಿರೇ ಮೊದಲು. ಅಂತಸ್ತಿಗೆ ಒಬ್ಬರ ಹೆಸರು, ಫೋನ್ ನಂಬರು ಒಂದು ಹಾಳೆಯಲ್ಲಿ ಬರೆದು ಎಲ್ಲ ಅಂತಸ್ತಿಗೂ ಅಂಟಿಸಬೇಕು. ಆಮೇಲೆ ಒಟ್ಟಿಗೆ ಆ ಹಿಂಬದಿ ಮೆಟ್ಟಿಲು ಇಳೀಬೇಕು. ಇಳಿಯೋವಾಗ ದಾರಿಗೆ ಅಡ್ಡ ಬಂದ ಸಾಮಾನು ಯಾರದು ಅಂತ ಅಲ್ಲೇ ಗೊತ್ತಾಗುತ್ತೆ, ಅವರೇ ಎತ್ಕೊಂಡು ಹೋಗ್ತಾರೆ.

ನಿಮ್ಮ ಮಗ ಯಾವುದೋ ಟೆಕ್ ಪಾರ್ಕಿನಲ್ಲಿ ಎಂಟನೇ ಅಂತಸ್ತು ಅಂದಿರಿ. ರಾತ್ರಿ ಫೋನ್ ಮಾಡ್ತಾನಲ್ಲ, ಊಟ ಆಯ್ತಾ ಅಂತ ಕೇಳಿದ ಮೇಲೆ ಇದೊಂದು ಕೇಳಿಬಿಡಿ: ಒಂಬತ್ತನೇ ಅಂತಸ್ತಿನಲ್ಲಿ ಯಾರಿದ್ದಾರಪ್ಪಾ, ಅವರ ನಂಬರು ನಿನ್ನ ಹತ್ತಿರ ಇದೆಯಾ?